ಒಂದು ಗೇಣು ಎತ್ತರ

ಅಮ್ಮ ಬಾಗಿಲ ಕಂಬಿ ಹಿಡಿದು ಬಲಗಾಲೆತ್ತಿದರು. ಪಾದ ಜೀಪಿನ ಮೆಟ್ಟಿಲಿಗಿಂತ ಒಂದು ಗೇಣು ಕೆಳಗೇ ನಿಂತಿತು. ಇನ್ನೊಮ್ಮೆ ಎತ್ತಿದರು, ಮಂಡಿ ಅಷ್ಟಕ್ಕೇ ಮುಷ್ಕರ ಹೂಡಿತು.

ಗುಡ್ಡದ ಮೇಲಿನ ಮನೆಯಲ್ಲಿ ಹಾಸಿಗೆ ಹಿಡಿದಿದ್ದ ದೊಡ್ಡಮ್ಮನನ್ನು ಅಮ್ಮ ಒಮ್ಮೆ ನೋಡಬೇಕು, ಆ ದಾರಿ ಬೇರೆ ಗಾಡಿಗೆ ಬಗ್ಗುವುದಿಲ್ಲ ಎಂದೇ ಮಗ ಈ ಹಳೆಯ ಜೀಪು ಕೊಂಡಿದ್ದ. ಕೊಂಡ ಮೇಲೆ ಸುಮ್ಮನಿರಲಾಗಲಿಲ್ಲ. ಮೂರು ತಿಂಗಳು ಗ್ಯಾರೇಜಿನಲ್ಲಿ ಬಿಟ್ಟು ಸೊಂಟದೆತ್ತರದ ಟೈರು, ಗಟ್ಟಿ ಸ್ಪ್ರಿಂಗು, ನೆತ್ತಿಯ ಮೇಲೆ ನಾಲ್ಕು ದೀಪ ಹಾಕಿಸಿದ. ಅಷ್ಟರಲ್ಲಿ ದೊಡ್ಡಮ್ಮ ಐದು ಸಲ ಫೋನ್ ಮಾಡಿ, “ಹೊರಟ್ರಾ?” ಎಂದು ಕೇಳಿದ್ದರು.

“ಇನ್ನೊಂಚೂರು ಎತ್ತರಿಸಿದ್ರೆ ಸೀದಾ ಮೇಲಿರೋ ನಿಮ್ಮಪ್ಪನ ಹತ್ರಾನೇ ಹೋಗ್ಬಹುದಿತ್ತು ಕಣೋ,” ಎಂದು ಅಮ್ಮ ಗ್ಯಾರೇಜಿನ ಗೋಡೆ ಪಕ್ಕ ಪೇರಿಸಿದ್ದ ಜೀಪಿನ ಹಳೆಯ ಟೈರುಗಳ ಮೇಲೆ ಕೂತರು. ಎರಡೂ ಪಾದ ಸಲೀಸಾಗಿ ನೆಲ ಮುಟ್ಟಿದವು. ಮೆಕ್ಯಾನಿಕ್ ನಕ್ಕ. ಮಗ ಆ ಪಾದಗಳನ್ನೇ ನೋಡುತ್ತ, “ಎಲ್ಲಾ ಬಿಚ್ಚಿ. ಮೊದ್ಲಿದ್ದ ಹಾಗೇ ಮಾಡ್ಕೊಡಿ,” ಎಂದ.

“ಯಾವತ್ತಿಗೆ?”

“ಈಗ್ಲೇ. ಇಲ್ಲೇ ಕಾಯ್ತೀವಿ.”

ಮೆಕ್ಯಾನಿಕ್ ಸ್ಪ್ಯಾನರ್ ಹಿಡಿದು ಬಂದವನು ಅಮ್ಮನ ಮುಂದೆ ಸಂಕೋಚದಿಂದ ನಿಂತ. “ಅಮ್ಮಾ, ಸ್ವಲ್ಪ ಏಳ್ತೀರಾ? ನೀವು ಕೂತಿರೋ ಟೈರುಗಳೇ ಬೇಕು.”