ಅಧ್ಯಕ್ಷರ ಕ್ಷಮಾದಾನ

“ವಿಖ್ಯಾತ್ ಅವರ ತಪ್ಪನ್ನು ಅಧ್ಯಕ್ಷನ ಅಧಿಕಾರದಿಂದ ಕ್ಷಮಿಸಿದ್ದೇನೆ. ಇಂದಿನಿಂದ ಅವರು ಮತ್ತೆ ನಮ್ಮ ಸದಸ್ಯರು” ಎಂದು ಮೈಕಿನಲ್ಲಿ ಹೇಳಿ ಹರಿಪ್ರಸಾದ ಚಪ್ಪಾಳೆಗೆ ಕಾದ. ಚಪ್ಪಾಳೆ ಬರಲಿಲ್ಲ. ಒತ್ತಾಯ ಮಾಡಿ ಕರೆಸಿ ಹಿಂದಿನ ಸಾಲಿನಲ್ಲಿ ಕೂರಿಸಿದ್ದ ವಿಖ್ಯಾತನೇ ಎದ್ದು ನಿಂತ.

“ಎಂಥ ತಪ್ಪು ಹರಿಯಣ್ಣ? ನಾನು ತಪ್ಪು ಮಾಡಿದ್ದೇನೆ ಅಂತ ನಿಮಗೆ ಯಾರು ಹೇಳಿದ್ದು?”

ಯಾರು ಹೇಳಿದ್ದೆಂದು ಬೈಟನ್‌ವೆಲ್ಡರ್ಟ್ ಬಡಾವಣೆಯ ಆ ಸಭಾಂಗಣದಲ್ಲಿದ್ದ ಕನ್ನಡ ಕೂಟದವರಿಗೆಲ್ಲ ಗೊತ್ತಿತ್ತು. ಯುಗಾದಿಯ ಚುನಾವಣೆಯಲ್ಲಿ ಹರಿಪ್ರಸಾದ ಪ್ರೇಮಾವತಿಯವರನ್ನು ಮೂರು ಓಟಿನಿಂದ ಸೋಲಿಸಿ ಅಧ್ಯಕ್ಷನಾಗಿದ್ದ. ಬರಲಾಗದವರು ತಮ್ಮ ಓಟನ್ನು ಇನ್ನೊಬ್ಬರ ಕೈಯಲ್ಲಿ ಹಾಕಿಸುವುದು ಈ ಡಚ್ಚರ ದೇಶದಲ್ಲಿ ಮಾಮೂಲು. ಕೂಟವೂ ಅದನ್ನೇ ನಕಲು ಹೊಡೆದಿತ್ತು. ರಜೆಗೆ ಊರಿಗೆ ಹೋದವರ ಓಟುಗಳನ್ನು ವಿಖ್ಯಾತ ಹಾಕಿದ, ಎಲ್ಲ ಹರಿಪ್ರಸಾದನ ಹೆಸರಿಗೇ. ಮರಳಿ ಬಂದ ಮೇಲೆ ಅವರಲ್ಲಿ ನಾಲ್ವರು, ನಾವು ಒಪ್ಪಿಗೆಯನ್ನೇ ಕೊಟ್ಟಿರಲಿಲ್ಲ ಎಂದರು. ಗಲಾಟೆಯಾಯಿತು. ಸಮಿತಿ ವಿಖ್ಯಾತನನ್ನು ಹೊರಗೆ ಹಾಕಿತು, ಅವನಿಂದ ಗೆದ್ದವನನ್ನು ಮಾತ್ರ ಕುರ್ಚಿಯಲ್ಲೇ ಬಿಟ್ಟಿತು. ನಮ್ಮವರ ನ್ಯಾಯವೇ ಹಾಗೆ.

ಹರಿಪ್ರಸಾದನಿಗೆ ಈ ವಿಷಯ ಮೊದಲೇ ಗೊತ್ತಿರಲಿಲ್ಲ ಎಂಬುದು ನಿಜ. ಆದರೆ ಬಂದ ಹೊಸತರಲ್ಲಿ ಬಾಡಿಗೆ ಮನೆ ಸಿಗದೆ ವಿಖ್ಯಾತನ ಸೋಫಾದ ಮೇಲೆ ಮಲಗಿ, ಅವನು ಬೇಯಿಸಿದ ಗಂಜಿ ಉಂಡಿದ್ದ. ಉಂಡ ಮನೆಗೆ ಎರಡು ಬಗೆಯುವುದು ಹೇಗೆ? ಸಾಲದ್ದಕ್ಕೆ, ದೊಡ್ಡ ದೊಡ್ಡ ದೇಶಗಳ ಅಧ್ಯಕ್ಷರು ಬೆಳಗಾದರೆ ಯಾರಿಗಾದರೂ ಕ್ಷಮಾದಾನ ಮಾಡುವುದನ್ನು ಸುದ್ದಿಯಲ್ಲಿ ನೋಡಿ ನೋಡಿ, ಅಧ್ಯಕ್ಷನೆಂದ ಮೇಲೆ ಅಷ್ಟು ಅಧಿಕಾರ ಇದ್ದೇ ಇರುತ್ತದೆಂದು ನಂಬಿಬಿಟ್ಟಿದ್ದ. ಪಾಪ, ಆ ಅಧ್ಯಕ್ಷರುಗಳ ಎದುರು ಮೊದಲ ಸಾಲಿನಲ್ಲಿ ಪ್ರೇಮಾವತಿ ಕೂತಿರುವುದಿಲ್ಲ.

“ಇಶ್ಯೂ ಕ್ಲೋಸ್ ಆಗ್ಲಿ ಅಂತ ತಾನೇ ನಾನು ಕ್ಷಮಿಸಿದ್ದು? ಸುಮ್ನೆ ಥ್ಯಾಂಕ್ಸ್ ಹೇಳಿ ಕೂತ್ಕೊಳ್ಳೋ” ಎಂದ ಹರಿಪ್ರಸಾದ.

“ಥ್ಯಾಂಕ್ಸ್ ಹೇಳಿದ್ರೆ ಕಳ್ಳ ಅಂತ ಒಪ್ಪಿಕೊಂಡ ಹಾಗೆ ಆಗ್ತದೆ. ಅವರೆಲ್ಲ ಫೋನಲ್ಲಿ ಹೂಂ ಅಂತ ಹೇಳಿದ್ದಾರೆ, ಈಗ ಮರೆತಿದ್ದಾರೆ. ನನಗೆ ಈ ಕ್ಷಮೆ ಬೇಡ, ವಾಪಸ್ ತಗೊಳ್ಳಿ.”

ಶನಿವಾರದ ಕನ್ನಡ ತರಗತಿಯಲ್ಲಿ ಮಕ್ಕಳ ತಪ್ಪು ತಿದ್ದುವ ತಾಳ್ಮೆಯಲ್ಲೇ ಪ್ರೇಮಾವತಿ ಎದ್ದರು. “ಹರಿಪ್ರಸಾದ್ರೇ, ನನಗೊಂದು ಅರ್ಥ ಆಗ್ಲಿಲ್ಲ. ಅವನು ತಪ್ಪು ಮಾಡ್ಲಿಲ್ಲ ಅಂತಾದ್ರೆ ಕ್ಷಮೆ ಎಂತಕ್ಕೆ? ಮಾಡಿದ್ದಾನೆ ಅಂತಾದ್ರೆ ಆ ನಾಲ್ಕು ಓಟು ಹೋಯ್ತು, ನೀವು ಸೋತಿರಿ. ಸೋತವರು ಅಧ್ಯಕ್ಷರಲ್ಲ. ಅಧ್ಯಕ್ಷರಲ್ಲದವರು ಕ್ಷಮಿಸುವುದು ಹೇಗೆ?”

ಹರಿಪ್ರಸಾದ ಬೆರಳು ಮಡಿಸಿ ಲೆಕ್ಕ ಹಾಕಿದ. ತಪ್ಪು ಇದ್ದರೆ ತಾನು ಅಧ್ಯಕ್ಷನಲ್ಲ, ತಾನು ಅಧ್ಯಕ್ಷನಾದರೆ ತಪ್ಪೇ ಇಲ್ಲ. ಹಾಗಾದರೆ ಈಗ ತಾನೇ ಮೈಕಿನಲ್ಲಿ ಹೇಳಿದ್ದು ಏನು? ಯುಟ್ರೆಕ್ಟ್ ಊರಿನ ಸದಸ್ಯರು ಬೇರೆ ಕೂಟ ಕಟ್ಟುತ್ತಾರಂತೆ ಎಂದು ಯಾರೋ ಹೇಳಿದರು, ಇಬ್ಬರು ಆಗಲೇ ಕೋಟು ಹಾಕಿಕೊಂಡು ಹೊರಟರು. ಹರಿಪ್ರಸಾದನಿಗೆ ಕೂಟ ಒಡೆಯುವುದಕ್ಕಿಂತ ಬೇರೆಯದೇ ಸಂಕಟ. ಶಾಲೆಯಲ್ಲಿ ಕ್ಲಾಸ್ ಲೀಡರ್ ಕೂಡ ಆಗದವನನ್ನು ಜನ ಸೇರಿ ಆರಿಸಿದ್ದು ಅದೊಂದೇ ಸಲ. ಗೆದ್ದ ದಿನ ಮೈಸೂರಿನಲ್ಲಿರುವ ಅಪ್ಪನಿಗೆ ಫೋನ್ ಮಾಡಿ ಹೇಳಿಕೊಂಡಿದ್ದ. ಅದೂ ಸುಳ್ಳಾದರೆ ತಡೆದುಕೊಳ್ಳುವುದು ಕಷ್ಟವಿತ್ತು.

“ಆಯ್ತು, ಈಗ್ಲೇ ಮತ್ತೆ ಓಟು ಹಾಕಿ” ಎಂದ. “ಪ್ರೇಮಾವತಿಯಕ್ಕ ಅಧ್ಯಕ್ಷರಾಗ್ಲಿ ಅನ್ನೋರು ಮೊದ್ಲು ಕೈ ಎತ್ತಿ.”

ಯಾರೂ ಎತ್ತಲಿಲ್ಲ. ಎಲ್ಲರೂ ಪಕ್ಕದವರ ಕೈ ನೋಡುತ್ತ ಕೂತರು. ಹರಿಪ್ರಸಾದ ಮೈಕು ಕೆಳಗಿಟ್ಟು ಪ್ರೇಮಾವತಿಯವರ ಬಳಿ ಬಂದ.

“ಅಕ್ಕ, ನೀವೇ ಹೇಳಿ. ಆವತ್ತು ನಾನು ನಿಜವಾಗ್ಲೂ ಗೆದ್ದಿದ್ನಾ?”

“ನನಗೆ ಹೇಗೆ ಗೊತ್ತು ಮಾರಾಯ್ರೆ? ಒಂದು ಓಟು ಸಾಚಾ ಅಂತ ಮಾತ್ರ ಗೊತ್ತು, ಅದು ನನ್ನದು. ನನ್ನ ಹೆಸರಿಗೆ ನಾನೇ ಗುರುತು ಹಾಕ್ಲಿಕ್ಕೆ ನಾಚಿಕೆ ಆಯ್ತು, ನಿಮಗೆ ಹಾಕಿದೆ.”

ಹರಿಪ್ರಸಾದನ ಮುಖ ಅರಳಿತು. “ಹಾಗಾದ್ರೆ ಈಗ್ಲೂ...”

“ಈಗ ಆ ನಾಚಿಕೆ ಹೋಯ್ತು” ಎಂದು ಪ್ರೇಮಾವತಿ ಎಲ್ಲರಿಗಿಂತ ಮೊದಲು ತಮ್ಮ ಕೈಯನ್ನೇ ಎತ್ತಿದರು.