ಸ್ಟೀರಿಂಗು ಯಾರ ಕೈಯಲ್ಲಿತ್ತು

ಜಕ್ಕೂರು ದಾಟಿ ಅರ್ಧ ಮೈಲಿ ಬಂದ ಮೇಲೆ ಅಂಬಾಸಿಡರ್ ಕಾರು ರಸ್ತೆ ಬದಿಯ ಹುಣಸೆಮರಕ್ಕೆ ಗುದ್ದಿದಾಗ ಸ್ಟೀರಿಂಗು ಮುರಿಗೆಪ್ಪನ ಕೈಯಲ್ಲಿತ್ತು. ಅಡ್ಡ ಬಂದ ಎಮ್ಮೆ ತನಗೇನೂ ಸಂಬಂಧವಿಲ್ಲವೆಂಬಂತೆ ರಸ್ತೆಯ ಆಚೆ ಬದಿಗೆ ಹೋಗಿ ಮೇಯತೊಡಗಿತು. ಹಿಂದಿನ ಸೀಟಿನಲ್ಲಿದ್ದ ಅವನ ತಾಯಿ ಈರವ್ವ "ಶಿವಶಿವಾ" ಎಂದಷ್ಟೇ ಅಂದು ಸೆರಗು ಸರಿಮಾಡಿಕೊಂಡಳು. ಅವನ ಪಕ್ಕದಲ್ಲಿ ಕೂತಿದ್ದ ಡ್ರೈವರ್ ಗಯಾಸ್ ಇಳಿದು ನೋಡಿದ. ಬಂಪರ್ ಮಡಚಿಕೊಂಡಿತ್ತು, ಒಂದು ಹೆಡ್‌ಲೈಟ್ ಪುಡಿಯಾಗಿತ್ತು, ರೇಡಿಯೇಟರಿನ ನೀರು ಮಣ್ಣಿಗೆ ಸುರಿಯುತ್ತಿತ್ತು.

ಕಾರು ಬ್ಯಾಟರಾಯನಪುರದ ಸೊಣ್ಣಮ್ಮನದು. ಗಂಡ ತೀರಿಕೊಂಡ ಮೇಲೆ ಆಕೆ ಅದನ್ನು ಬಾಡಿಗೆಗೆ ಬಿಟ್ಟು ಸಂಸಾರ ನಡೆಸುತ್ತಿದ್ದಳು. ಯಶವಂತಪುರದ ಕಾರ್ಖಾನೆಯೊಂದರಲ್ಲಿ ಗುಮಾಸ್ತನಾಗಿದ್ದ ಮುರಿಗೆಪ್ಪ, ಬಾದಾಮಿ ಕಡೆಯ ಹಳ್ಳಿಯಿಂದ ಬಂದಿದ್ದ ತಾಯಿಗೆ ನಂದಿಬೆಟ್ಟ ತೋರಿಸಲೆಂದು ಒಂದು ದಿನಕ್ಕೆ ಗೊತ್ತುಮಾಡಿದ್ದ. ವಾಪಸು ಬರುವಾಗ ಯಲಹಂಕದ ಹತ್ತಿರ ಈರವ್ವ, "ಕಾರ್ ಕಲ್ಯಾಕತ್ತೀನಿ ಅಂತ ಕಾಗದ ಬರ್ದಿದ್ದೆಲ್ಲೋ. ಒಂದೀಟು ಓಡಸು, ನೋಡ್ತೀನಿ" ಅಂದಳು. ಹದಿನೈದು ದಿನ ಕಲಿತು ನಿಲ್ಲಿಸಿದ್ದೇನೆ, ಲೈಸೆನ್ಸು ಆಗಿಲ್ಲ ಎಂದು ಅವನು ತಾಯಿಗೆ ಹೇಳಲಿಲ್ಲ. ಗಯಾಸನನ್ನು ಕೇಳಿದ. ಗಯಾಸ್ ಮೊದಲು ಆಗಲ್ಲ ಅಂದ. ಆಮೇಲೆ ಮುದುಕಿಯ ಮುಖ ನೋಡಿ ಗಾಡಿ ನಿಲ್ಲಿಸಿ ಜಾಗ ಬಿಟ್ಟುಕೊಟ್ಟ.

"ಸಾರ್, ಲೈಸೆನ್ಸ್ ಇಲ್ದೋರು ಓಡಿಸಿದ್ರು ಅಂದ್ರೆ ಇನ್ಶೂರೆನ್ಸ್‌ನೋರು ನಯಾ ಪೈಸಾ ಕೊಡಲ್ಲ," ಎಂದ ಗಯಾಸ್ ಈಗ. "ನಾನೇ ಓಡಿಸ್ತಿದ್ದೆ ಅಂದ್ಬಿಡ್ತೀನಿ. ಸೊಣ್ಣಮ್ಮನೋರು ನಾಲ್ಕ್ ಮಾತು ಬೈತಾರೆ, ಅಷ್ಟೇನೆ."

ಮುರಿಗೆಪ್ಪ ಹೂಂ ಅಂದ.

ದ್ರಾಕ್ಷಿ ತೋಟದವರ ಟ್ರ್ಯಾಕ್ಟರೊಂದು ಕಾರನ್ನು ಎಳೆದು ತಂದು ಅಂಗಳದಲ್ಲಿ ಬಿಟ್ಟಾಗ ಸೊಣ್ಣಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಎದ್ದು ಬಂದು ಕಾರಿನ ಸುತ್ತ ಒಂದು ಸಲ ನಡೆದಳು.

"ಯಾರ್ಗೂ ಏಟಾಗಿಲ್ವಾ?"

"ಇಲ್ಲಮ್ಮಾ," ಎಂದ ಗಯಾಸ್. "ಎಮ್ಮೆ ಅಡ್ಡ ಬಂತು. ತಪ್ಸೋಕ್ ಹೋದೆ, ಮರಕ್ಕೆ ತಗುಲ್ತು."

"ಓದ್ ಯುಗಾದೀಲಿ ನೀನು ಗೇಟಿಗೆ ಗುದ್ದಿದ್ದೆ. ಈಗ ಇದು. ಇನ್ಶೂರೆನ್ಸ್ ಬಂದ್ರೂ ಗಾಡಿ ಒಂದ್ ತಿಂಗ್ಳು ನಿಂತ್ಕಂಡ್ರೆ ನಾನ್ ಏನ್ ತಿನ್ಲಿ?" ಸೊಣ್ಣಮ್ಮನ ದನಿ ಏರಿರಲಿಲ್ಲ. "ಬೇರೆ ಡ್ರೈವರ್ ನೋಡ್ಕೋತೀನಿ ಗಯಾಸು. ಕೀ ಕೊಡು."

ಗಯಾಸ್ ಇದನ್ನು ನಿರೀಕ್ಷಿಸಿರಲಿಲ್ಲ. ಒಂದು ಸಲ ಮುರಿಗೆಪ್ಪನ ಕಡೆ ನೋಡಿ ಜೇಬಿಗೆ ಕೈಹಾಕಿದ. ನಾನೇ ಓಡಿಸುತ್ತಿದ್ದೆ ಎಂದುಬಿಡಬೇಕು ಅನ್ನಿಸಿತು ಮುರಿಗೆಪ್ಪನಿಗೆ. ಅದು ಎಪ್ಪತ್ತೊಂಬತ್ತನೇ ಇಸವಿ. ಅವನ ಸಂಬಳ ನಾನೂರೈವತ್ತು ರೂಪಾಯಿ. ಸಂಜಯನಗರದಲ್ಲಿ ಮನೆ ಹಿಡಿದು ತಾಯಿಯನ್ನು ಕರೆಸಿಕೊಳ್ಳಬೇಕೆಂದು ಪೋಸ್ಟಾಫೀಸಿನಲ್ಲಿ ಕೂಡಿಟ್ಟದ್ದೆಲ್ಲ ಈ ಬಂಪರಿಗೂ ರೇಡಿಯೇಟರಿಗೂ ಸಾಲುತ್ತದೋ ಇಲ್ಲವೋ. ಅವನು ತನ್ನ ಚಪ್ಪಲಿ ನೋಡುತ್ತ ನಿಂತ. ಗಯಾಸ್ ಕೀಯನ್ನು ಸೊಣ್ಣಮ್ಮನ ಅಂಗೈಯಲ್ಲಿಟ್ಟ.

ಈರವ್ವ ಆಗಲೇ ಜಗಲಿಯ ಅಂಚಿನಲ್ಲಿ ಕೂತು, ಯಾರೂ ಹೇಳದಿದ್ದರೂ ಅವರೆಕಾಯಿ ಸುಲಿಯತೊಡಗಿದ್ದಳು. ಕೈಯಲ್ಲಿದ್ದ ಕಾಳನ್ನು ಮೊರಕ್ಕೆ ಹಾಕಿ ತಲೆಯೆತ್ತಿದಳು.

"ಆತ ಅಲ್ಲ ಬೇ ಯವ್ವಾ. ಗಾಡಿ ಓಡಸ್ತಿದ್ದಾಂವ ನನ್ನ ಮಗ. ಯಲಹಂಕದಿಂದ ಅಲ್ಲೀಮಟಾ ಒಂದೀಟೂ ಅಳ್ಳಾಡಲಾರದಂಗ ತಂದ. ಆ ಎಮ್ಮಿ ಬರಲಿಲ್ಲಾಂದ್ರ ನಿಮ್ಮ ಮನೀಮಟಾನೂ ತರತಿದ್ದ."

ಆಕೆಯ ದನಿಯಲ್ಲಿ ಹೆಮ್ಮೆಯಿತ್ತು. ಸೊಣ್ಣಮ್ಮ ಮುರಿಗೆಪ್ಪನ ಕಡೆ ತಿರುಗಿದಳು.

"ಔದಾ?"

"ಹೌದ್ರೀ. ನನ್ ಹತ್ರ ಲೈಸೆನ್ಸೂ ಇಲ್ಲ."

"ನೀನ್ಯಾಕೆ ಕೊಟ್ಟೆ?" ಎಂದು ಗಯಾಸನನ್ನು ಕೇಳಿದಳು.

"ಮಗ ಗಾಡಿ ಓಡ್ಸೋದು ನೋಡ್ಬೇಕು ಅಂದ್ರಮ್ಮಾ, ಅಜ್ಜಿ."

ಸೊಣ್ಣಮ್ಮ ಬಗ್ಗಿ ನಜ್ಜುಗುಜ್ಜಾದ ಬಂಪರನ್ನು ಮುಟ್ಟಿ ನೋಡಿದಳು. "ಇನ್ಶೂರೆನ್ಸ್‌ಗೆ ಸುಳ್ಳು ಬರ್ಕೊಟ್ಟು ದುಡ್ಡು ತಗಳೋದು ನಂಗ್ ಬ್ಯಾಡ," ಎಂದಳು. "ರಿಪೇರಿ ಖರ್ಚನ್ನ ಮೂರ್ ಪಾಲು ಮಾಡಿ. ಎಲ್ಡು ನಿಮ್ದು. ಸ್ಟೀರಿಂಗ್ ಬಿಟ್ಕೊಟ್ಟಿದ್ಕೆ ಒಂದು ಇವನ್ದು. ತಿಂಗ್ಳು ತಿಂಗ್ಳು ಕೊಟ್ರೂ ಸರಿ." ಕೀಯನ್ನು ತಿರುಗಿ ಗಯಾಸನ ಕೈಗೆ ಹಾಕಿದಳು. "ಓಗು, ಗ್ಯಾರೇಜಿಂದ ಮೆಹಬೂಬ್ ಪಾಷಾನ ಕರ್ಕಂಬಾ. ಕತ್ತಲಾಗೋದ್ರೊಳ್ಗೆ ನೋಡ್ಲಿ."

ಬಳ್ಳಾರಿ ರಸ್ತೆಯ ಬಸ್ ಸ್ಟಾಪಿನವರೆಗೆ ತಾಯಿ ಮಗ ನಡೆದೇ ಹೋದರು. ಈ ವರ್ಷ ಮನೆ ಮಾಡುವ ಮಾತು ಮುಗಿಯಿತು ಎಂದು ಮುರಿಗೆಪ್ಪನಿಗೆ ಗೊತ್ತಾಗಿತ್ತು. ತಾಯಿಗೆ ಅದನ್ನು ಹೇಗೆ ಹೇಳುವುದೆಂದು ತಿಳಿಯಲಿಲ್ಲ, ಹೇಳಿದ್ದು ಬೇರೆ.

"ಅವ್ವಾ, ನಾನ ಹೇಳೂದ್ರಾಗ ಇದ್ದೆ."

ಈರವ್ವ ಹೆಬ್ಬಾಳದ ಕಡೆಗೆ ಹೋಗುವ ಬಸ್ಸು ಬರುತ್ತಿದೆಯೇ ಎಂದು ಹಣೆಗೆ ಕೈಯಿಟ್ಟು ನೋಡುತ್ತಿದ್ದಳು.

"ಗೊತ್ತೈತೋ ತಮ್ಮಾ," ಎಂದಳು. "ಆತ ಕೀಲಿಕೈ ಕೊಡೂಮಟಾ ನಾನೂ ಕಾದೆ."