ತುಟಿಗೆ ಹೊಂದದ ಮಾತು

“ಅಮ್ಮನ ಮಾತು ಮೊದಲು ಬರುತ್ತೆ, ತುಟಿ ಆಮೇಲೆ ಅಲ್ಲಾಡುತ್ತೆ,” ಎಂದಳು ಅಕ್ಕ. “ಊರವರ ಮದುವೆ ವಿಡಿಯೊ ಎಡಿಟ್ ಮಾಡಿ ಹೊಟ್ಟೆ ಹೊರೆಯೋನು ನೀನು. ಹೆತ್ತವಳದ್ದೇ ಹೀಗೇನೋ?”

ಅಮ್ಮ ಸಾಯುವ ಮುಂಚೆ ಅಕ್ಕನಿಗೆಂದೇ ಮಾತಾಡಿದ್ದ ಒಂದೇ ವಿಡಿಯೊ ಅದು. ಅದನ್ನು ಚಿತ್ರಿಸಿದವನು ತಮ್ಮ. “ಸಾಫ್ಟ್‌ವೇರ್ ತೊಂದರೆ ಕಣಕ್ಕಾ,” ಎಂದ. ತೊಂದರೆ ಎಲ್ಲಿದೆಯೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ನಡುವೆ ಕೇಳಿಬರುತ್ತಿದ್ದ ತನ್ನ ದನಿಯನ್ನು ಆಡಿಯೊದಿಂದ ಕತ್ತರಿಸಿ, ಚಿತ್ರವನ್ನು ಹಾಗೆಯೇ ಬಿಟ್ಟಿದ್ದ. ಅಲ್ಲಿಂದಾಚೆಯ ಮಾತೆಲ್ಲ ಮುಂದಕ್ಕೆ ಜರುಗಿತ್ತು.

ಈಗ ಅವನು ಮೌಸ್ ಹಿಡಿದು ಜರುಗಿದ್ದ ಆಡಿಯೊವನ್ನು ಬಲಕ್ಕೆ ಎಳೆದು ಅಮ್ಮನ ತುಟಿಗೆ ಹೊಂದಿಸಿದ. ಕತ್ತರಿಸಿದ ಜಾಗ ಖಾಲಿ ಬಿತ್ತು. ವಿಡಿಯೊ ಓಡಿಸಿದ. “ಆವತ್ತು ನಿನ್ನ ಮೇಲೆ ಸಿಟ್ಟಾಗಿ ನಾನು…” ಎಂದ ಅಮ್ಮ ಅರ್ಧಕ್ಕೇ ನಿಲ್ಲಿಸಿದಳು. ಸದ್ದಿಲ್ಲದ ಆ ಹೊತ್ತಿನಲ್ಲಿ ಕ್ಯಾಮೆರಾದ ಮೇಲಕ್ಕೆ ನೋಡಿ, ತಪ್ಪು ಮಾಡಿ ಸಿಕ್ಕಿಬಿದ್ದವಳಂತೆ ತಲೆಯಾಡಿಸಿದಳು. ಆಮೇಲೆ, “ಇರಲಿ ಬಿಡು ಮಗಳೇ, ಚೆನ್ನಾಗಿರು,” ಎಂದಳು. ಮಾತು ತುಟಿಗೆ ಸರಿಯಾಗಿ ಕೂತಿತ್ತು.

“ಸರಿಹೋಯ್ತು,” ಎಂದ ಅಕ್ಕ ಮರುಕ್ಷಣವೇ ಪರದೆಯತ್ತ ಬಗ್ಗಿದಳು. “ಅಮ್ಮ ಏನೋ ಹೇಳೋಕೆ ಹೊರಟಿದ್ದಳಲ್ಲ. ನಡುವೆ ತಲೆಯಾಡಿಸಿದ್ದು ಯಾರಿಗೋ?”

ಈ ಸಲ ಅವನು ಸುಳ್ಳು ಹೇಳಲಿಲ್ಲ. ಕತ್ತರಿಸಿದ್ದ ತುಣುಕನ್ನು ಹುಡುಕಿ ತಂದು ಖಾಲಿ ಜಾಗದಲ್ಲಿಟ್ಟ. ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ಅದು ಅಲ್ಲಿ ಕೂತಿತು.

“ಬೇಗ ಮುಗಿಸಮ್ಮ, ನನಗೆ ಹೊತ್ತಾಯ್ತು,” ಎಂದಿತು ಅವನ ದನಿ. ಅಮ್ಮ ತಲೆಯಾಡಿಸಿದಳು.